ವಿಡರ್‌ಶಿನ್ಸ್ ಪದಕ್ಕೆ ಶಾಸ್ತ್ರಿಗಳು ಕೊಟ್ಟ ಅರ್ಥ

ನಾನು ಕತೆ ಬರೆಯುತ್ತಿರುವುದು ಇದೇ ಮೊದಲು. ಕೆಡಿಸಿದರೆ ಕ್ಷಮಿಸಬೇಕು. ಕತೆ ಚೆನ್ನಾಗಿಯೇ ಇದೆ, ಹೇಳುವವನದೇ ತೊಂದರೆ.

ಸೊಂಪುರ ಎಂಬ ಸಂಸ್ಥಾನ. ಸಂಸ್ಥಾನವೆಂದರೆ ಚಿಕ್ಕ ರಾಜ್ಯ. ಚಿಕ್ಕದಾದರೂ ಅಲ್ಲಿ ಅರಮನೆ, ಆನೆ, ಆಸ್ಥಾನ ಪಂಡಿತರು ಎಲ್ಲ ಇದ್ದರು. ಪಂಡಿತರ ಹೆಸರು ಕೃತ್ತಿವಾಸ ಶಾಸ್ತ್ರಿ. "ಲೋಕದ ಯಾವ ಪದವನ್ನಾದರೂ ತನ್ನಿ, ಸಂಸ್ಕೃತದಲ್ಲಿ ಅದರ ಬೇರು ತೋರಿಸುತ್ತೇನೆ" ಎನ್ನುವುದು ಅವರ ಜಂಬ.

ಒಂದು ದಿನ ಅರಮನೆಗೆ ಅತಿಥಿಯಾಗಿ ಬಂದಿದ್ದ ಇಂಗ್ಲಿಷ್ ಸಾಹೇಬರು, ತಮ್ಮ ನಾಯಿ ಕೊಳದ ಸುತ್ತ ಓಡುವುದನ್ನು ನೋಡಿ, "ವಿಡರ್‌ಶಿನ್ಸ್ ಓಡುತ್ತಿದೆ" ಎಂದು ನಕ್ಕರು. ಆ ಪದ ದುಭಾಷಿಗೂ ಗೊತ್ತಿರಲಿಲ್ಲ. (ದುಭಾಷಿ ಎಂದರೆ ಎರಡು ಭಾಷೆ ಬಲ್ಲವನು. ಇವನು ಎರಡನ್ನೂ ಅಷ್ಟಿಷ್ಟು ಬಲ್ಲವನು.)

ಮಹಾರಾಜರು ಶಾಸ್ತ್ರಿಗಳತ್ತ ನೋಡಿದರು.

"ಸುಲಭ, ಪ್ರಭು. ನಮ್ಮ 'ವಿದರ್ಶನ'ವೇ ಸಮುದ್ರ ದಾಟಿ ಹಾಗಾಗಿದೆ. ವಿಶೇಷವಾದ ದರ್ಶನ."

ಆಸ್ಥಾನಿಕ ಕೊಟ್ರಯ್ಯನಿಗೆ ನಗು ತಡೆಯಲಿಲ್ಲ. "ನಾಯಿಗೆ ಕೊಳದ ವಿಶೇಷ ದರ್ಶನವೇ, ಶಾಸ್ತ್ರಿಗಳೇ?"

"ಕೇಳಿದಿರಾ ಪ್ರಭು, ವಿದ್ಯೆಗೆ ಅವಮಾನ. ನನ್ನ ಮಾತು ಸುಳ್ಳೆಂದು ಈತ ನಾಳೆಯೊಳಗೆ ತೋರಿಸಲಿ. ಇಲ್ಲವಾದರೆ ಆಸ್ಥಾನ ಬಿಡಲಿ."

"ಆಗಲಿ," ಎಂದರು ಮಹಾರಾಜರು.

ಕೊಟ್ರಯ್ಯ ಗ್ರಂಥ ಹುಡುಕಲಿಲ್ಲ. ದುಭಾಷಿಯನ್ನು ಕರೆದುಕೊಂಡು ಸಾಹೇಬರ ಬಿಡಾರಕ್ಕೆ ಹೋಗಿ ಅವರನ್ನೇ ಕೇಳಿದ. ಇದು ಬೇರೆ ಯಾರಿಗೂ ಹೊಳೆದಿರಲಿಲ್ಲ. ಏಕೆಂದರೆ ಆ ಆಸ್ಥಾನದಲ್ಲಿ ಏನು ಕೇಳುವುದಿದ್ದರೂ ಶಾಸ್ತ್ರಿಗಳನ್ನೇ ಕೇಳುವುದು ರೂಢಿ.

ಮರುದಿನ ಸಭೆಯಲ್ಲಿ ಕೊಟ್ರಯ್ಯ ಕೈಮುಗಿದ. "ಹೋಗುವ ಮುಂಚೆ ಒಂದಾಸೆ ಶಾಸ್ತ್ರಿಗಳೇ. ಅಂಥ ವಿಶೇಷದ ಸುತ್ತು ನಾಯಿ ಸುತ್ತಿದರೆ ಸಾಕೇ? ನೀವೇ ಸಿಂಹಾಸನವನ್ನು ವಿಡರ್‌ಶಿನ್ಸ್ ಸುತ್ತಿ, ಪ್ರಭುಗಳಿಗೆ ಗೌರವ ಸಲ್ಲಿಸಿ. ಹೇಗೆಂದು ಸಾಹೇಬರು ತೋರಿಸುತ್ತಾರೆ."

ಶಾಸ್ತ್ರಿಗಳು ಉಬ್ಬಿಹೋಗಿ, ಶಲ್ಯ ಸರಿಮಾಡಿಕೊಂಡು ಎದ್ದರು. ಸಾಹೇಬರು ಕೈಸನ್ನೆಯಲ್ಲಿ ದಾರಿ ತೋರಿಸಿದರು. ಎರಡು ಹೆಜ್ಜೆ ಹೋದ ಶಾಸ್ತ್ರಿಗಳು ನಿಂತುಬಿಟ್ಟರು. ಪ್ರಭುಗಳು ಅವರ ಎಡಗಡೆಗೆ ಬಂದಿದ್ದರು.

"ಯಾಕೆ ನಿಂತಿರಿ?" ಎಂದರು ಮಹಾರಾಜರು.

"ಪ್ರಭು, ಇದು ಅಪ್ರದಕ್ಷಿಣೆ. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತಬೇಕು. ಹೀಗೆ ಎಡಕ್ಕಿಟ್ಟುಕೊಂಡು ಸುತ್ತುವುದು..." ಅವರ ದನಿ ಇಳಿಯಿತು. "ಚಿತೆಯನ್ನು."

"ಸಾಹೇಬರ ಕಡೆಯೂ ಅದು ಅಪಶಕುನವಂತೆ," ಎಂದ ಕೊಟ್ರಯ್ಯ. "ಹಳೆಯ ಜರ್ಮನ್ ಮಾತಿನಿಂದ ಬಂದ ಪದ ಪ್ರಭು. ಮೊದಲ ಭಾಗಕ್ಕೆ 'ಎದುರು' ಎಂದರ್ಥ, ಎರಡನೆಯದಕ್ಕೆ 'ದಾರಿ'. ಹೋಗಬೇಕಾದ ದಾರಿಗೆ ಎದುರಾಗಿ ಹೋಗುವುದು. ಆದರೂ ಶಾಸ್ತ್ರಿಗಳು ದರ್ಶನ ಅಂದದ್ದು ಪೂರ್ತಿ ತಪ್ಪಲ್ಲ. ಅಂತಿಮ ದರ್ಶನ ಅನ್ನುವುದನ್ನು ಮರೆತರು, ಅಷ್ಟೆ."

ಮಹಾರಾಜರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾನಿನ್ನೂ ಬದುಕಿದ್ದೇನೆ ಶಾಸ್ತ್ರಿಗಳೇ, ಕುಳಿತುಕೊಳ್ಳಿ. ಕೊಟ್ರಯ್ಯ, ನೀನೂ ಎಲ್ಲೂ ಹೋಗಬೇಡ."

ಇಲ್ಲಿ ನಗು ಎಲ್ಲಿದೆ ಎಂಬುದನ್ನೂ ಬಿಡಿಸಿ ಹೇಳುತ್ತೇನೆ. ಶಾಸ್ತ್ರಿಗಳು ಸುತ್ತಿದರೆ ರಾಜರಿಗೆ ಅಪಶಕುನ, ಸುತ್ತದಿದ್ದರೆ ತಮ್ಮ ಮಾತು ಸುಳ್ಳು. ಹಾಗಾಗಿ ಅವರು ಎರಡನೆಯ ಹೆಜ್ಜೆಯಲ್ಲಿ... ಬಂದೆ, ಬಂದೆ. ಬಾವಿಗೆ ಬಿದ್ದ ಕೊಡ ಎತ್ತಿಕೊಡು ಅಂತ ಅಕ್ಕ ಕರೆಯುತ್ತಿದ್ದಾಳೆ. ಎರಡನೆಯ ಹೆಜ್ಜೆಯಲ್ಲಿ ಏಕೆ ನಿಂತರೆಂದರೆ