ಸೀಸೆಗಳ ಹೆಸರು ಕಲಿತ ಬೋರಲಿಂಗ

ದ್ಯಾವಮ್ಮನಿಗೆ ಒಬ್ಬನೇ ಮಗ, ಅವನೂ ಪೆದ್ದ. ಹೆಸರು ಬೋರಲಿಂಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ ಪುಣ್ಯಾತ್ಮ; ಅದೇ ಅವನ ರೋಗ. ದ್ಯಾವಮ್ಮನ ರೋಗ ಬೇರೆ, ಕೆಮ್ಮು. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಸೀಸೆ ತೊಳೆಯುವ ಕೆಲಸ ಅವಳದು.

"ಸಾ, ನಾನು ಕಣ್ಣು ಮುಚ್ಚಿದ್ರೆ ಇವನಿಗೆ ತುತ್ತು ಇಕ್ಕೋರಿಲ್ಲ. ನನ್ನ ಕೆಲಸ ಇವನಿಗೆ ಕೊಡ್ಸಿ," ಎಂದು ರಸಾಯನಶಾಸ್ತ್ರದ ಪುಟ್ಟರಂಗಯ್ಯ ಮೇಷ್ಟ್ರ ಕಾಲು ಹಿಡಿದಳು.

"ಸೀಸೆಗಳ ಹೆಸರು ತಪ್ಪಿಲ್ಲದೆ ಹೇಳಲಿ, ಕೆಲಸ ಅವನದೇ," ಅಂದರು ಮೇಷ್ಟ್ರು. ನೀಲಿ ಸೀಸೆ ತೋರಿಸಿದರು. "ಇದೇನೋ?"

"ನೀಲಿ ಕಲ್ಲುಸಕ್ಕರೆ ಸಾ!"

"ಥೂ! ಕಣ್ಣಿಗೆ ಕಂಡದ್ದು ಹೆಸರಲ್ಲ! ಏನೇನು ಸೇರಿದೆ ನೋಡು. ಲೋಹ ಮೊದಲು, ಉಳಿದದ್ದು ಆಮೇಲೆ. ಕಾಪರ್ ಸಲ್ಫೇಟ್!"

ಮರುದಿನ ತಾಯಿ ಮಗ ಪಕ್ಕದ ಬೀದಿಗೆ ತೊಟ್ಟಿಲು ಶಾಸ್ತ್ರಕ್ಕೆ ಹೋದರು. ಯಾರೋ ಚೇಷ್ಟೆಗೆ, "ಮಗೀಗೆ ಏನು ಹೆಸರಿಡಾನ ಬೋರಲಿಂಗ?" ಅಂದರು. ಇವನು ಬಗ್ಗಿ ನೋಡಿದ. ಸೊಂಟದಲ್ಲಿ ಬೆಳ್ಳಿ ಉಡಿದಾರ, ಕೆಳಗೆ ಒದ್ದೆ ಬಟ್ಟೆ. ಲೋಹ ಮೊದಲು!

"ಬೆಳ್ಳಿ ಉಚ್ಚೆ!"

ಎಲೆ ಹಾಕುವ ಮೊದಲೇ ತಾಯಿ ಮಗ ಇಬ್ಬರನ್ನೂ ಆಚೆಗಟ್ಟಿದರು. ದಾರಿಯುದ್ದಕ್ಕೂ ದ್ಯಾವಮ್ಮ ಬೈದಳು, ಕೆಮ್ಮಿದಳು, ಮತ್ತೆ ಬೈದಳು.

ಮೇಷ್ಟ್ರು ಇನ್ನೊಂದು ಸೀಸೆ ತೋರಿಸಿ, ಒಂದು ಕ್ಯಾಲ್ಸಿಯಂಗೆ ಎರಡು ಕ್ಲೋರೈಡ್ ಸೇರಿದೆ ಎಂದು ವಿವರಿಸಿ, ಹೆಸರು ಕೇಳಿದರು. "ಒಂದು ಕ್ಯಾಲ್ಸಿಯಂ ಎರಡು ಕ್ಲೋರೈಡ್!" ಅಂದ.

"ಎಷ್ಟು ಅಂತ ಯಾರು ಕೇಳಿದರೋ? ಕ್ಯಾಲ್ಸಿಯಂ ಕ್ಲೋರೈಡ್, ಅಷ್ಟೇ! ಎಣಿಕೆ ಬಾಯಲ್ಲಿ ಬರಕೂಡದು!"

ಆ ವಾರ ದ್ಯಾವಮ್ಮ ಏಳಲಾರದೆ ಮಗನನ್ನೇ ಡಾಕ್ಟರ ಹತ್ತಿರ ಕಳಿಸಿದಳು.

"ಕೆಮ್ಮು ಎಷ್ಟು ದಿನದಿಂದ?"

"ಎಷ್ಟು ಅಂತ ಹೇಳಬಾರದು ಸಾ!"

"ಜ್ವರ ಎಷ್ಟಿದೆ?"

"ಎಣಿಕೆ ಬಾಯಲ್ಲಿ ಬರಕೂಡದು ಸಾ!"

ಡಾಕ್ಟರು ರೇಗಿ ಒಂದು ಸಿಹಿ ಟಾನಿಕ್ ಕೊಟ್ಟು ಕಳಿಸಿದರು. "ಎರಡು ತಿಂಗಳಿಂದ, ರಕ್ತಾನೂ ಬೀಳ್ತದೆ ಅನ್ನಬಾರದಾ, ಮುಟ್ಠಾಳ!" ಎಂದು ದ್ಯಾವಮ್ಮ ಗೋಡೆ ಕಡೆ ತಿರುಗಿ ಅತ್ತಳು. ಈ ಕತೆಗೆ ನಗುವವರು ಇಲ್ಲಿಗೇ ನಕ್ಕು ಮುಗಿಸಿಬಿಡಿ.

ಡಾಕ್ಟರ ಸಂಗತಿ ಕೇಳಿ ಮೇಷ್ಟ್ರು ತಲೆ ಚಚ್ಚಿಕೊಂಡರು. "ಎಲ್ಲದಕ್ಕೂ ಅಲ್ಲವೋ! ಕಬ್ಬಿಣ ಒಮ್ಮೆ ಎರಡು ಎಲೆಕ್ಟ್ರಾನ್ ಕೊಡುತ್ತೆ, ಒಮ್ಮೆ ಮೂರು. ಹಾಗೆ ಹೆಚ್ಚು ಕಮ್ಮಿ ಕೊಡುವವರಿಗೆ ಮಾತ್ರ ಎಷ್ಟು ಕೊಟ್ಟರು ಅಂತ ಹೇಳಲೇಬೇಕು!"

ನೆರೆಮನೆ ಸಣ್ಣಮ್ಮ ರೋಗಿಗೆ ಗಂಜಿ ತರುತ್ತಿದ್ದಳು. ಬೋರಲಿಂಗ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದ: "ಸಣ್ಣಮ್ಮ ನೆನ್ನೆ ಮೂರು ಸೌಟು ಕೊಟ್ಲು! ಇವತ್ತು ಎರಡೇ!"

ಸಣ್ಣಮ್ಮ ಗಂಜಿ ಸಮೇತ ತಿರುಗಿ ಹೋದಳು.

ದ್ಯಾವಮ್ಮನಿಗೆ ಬೈಯಲೂ ತ್ರಾಣವಿರಲಿಲ್ಲ. "ಮಗಾ, ನಾಳೆ ಮೇಷ್ಟ್ರು ಎಲ್ಲಾ ಕೇಳ್ತಾರೆ, ಸೀಸೆ ಹೆಸರು ಬಿಟ್ಟು ಒಂದು ಮಾತೂ ಆಡಬ್ಯಾಡ," ಅಂದಳು.

ಆಡಲಿಲ್ಲ. ಸೀಸೆಯ ಮುಂದೆ ಹೇಳಿದಂತೆ ಮಾಡುವುದೇ ಜಾಣತನ ನೋಡಿ. ಸೋಡಿಯಂ ಕ್ಲೋರೈಡ್. ಪೊಟಾಸಿಯಂ ಅಯೋಡೈಡ್. ಐರನ್ ತ್ರೀ ಕ್ಲೋರೈಡ್. ಒಂದೂ ತಪ್ಪಲಿಲ್ಲ! ಮೇಷ್ಟ್ರು ಅವನ ಬೆನ್ನು ತಟ್ಟಿದರು.

"ಓಡು, ನಿಮ್ಮವ್ವನಿಗೆ ಹೇಳು. ಅವಳು ಹೂಂ ಅಂದ ತಕ್ಷಣ ಬಂದು ಕೆಲಸಕ್ಕೆ ನಿಂತುಕೋ."

ಓಡಿದ. ದ್ಯಾವಮ್ಮ ಅಷ್ಟರಲ್ಲಿ ಹೋಗಿಬಿಟ್ಟಿದ್ದಳು.

"ಅವ್ವಾ, ಕೆಲಸ ಸಿಕ್ತು!"

ಅವ್ವ ಮಾತಾಡಲಿಲ್ಲ. ಮತ್ತೆ ಹೇಳಿದ. ಸೀಸೆಗಳ ಹೆಸರೆಲ್ಲ ಒಂದೊಂದಾಗಿ ಹೇಳಿದ. ನೆರೆಯವರು ಬಂದರು, ಬಿದಿರು ಬಂತು, ಚಟ್ಟ ಕಟ್ಟಿಯಾಯಿತು. ಇವನು ಹೆಣ ಮುಟ್ಟಗೊಡಲಿಲ್ಲ.

"ತಡೀರಿ! ಅವ್ವ ಇನ್ನೂ ಹೂಂ ಅಂದಿಲ್ಲ!"

ಎಷ್ಟು ಹೇಳಿದರೂ ಕೇಳಲಿಲ್ಲ. ನೋಡಲಾರದೆ ಸಣ್ಣಮ್ಮ ಅವನ ಬೆನ್ನ ಹಿಂದೆ ನಿಂತು, ಸೆರಗು ಬಾಯಿಗಿಟ್ಟುಕೊಂಡು, "ಹೂಂ" ಅಂದಳು.

ಬೋರಲಿಂಗನ ಮುಖ ಅರಳಿತು. ಎದ್ದವನೇ ಓಡಿದ. ಜನ ಹೊರಗೆ ಹೋದನೇನೋ, ಬರುತ್ತಾನೆ ಅಂದುಕೊಂಡರು. ಹೊತ್ತು ನೆತ್ತಿ ದಾಟಿತು, ಚಟ್ಟ ಬಾಗಿಲಲ್ಲೇ ಇತ್ತು. ಕೊಳ್ಳಿ ಹಿಡಿಯಬೇಕಾದ ಮಗ ಹೈಸ್ಕೂಲಿನಲ್ಲಿ ತೋಳು ಮಡಚಿ ಸೀಸೆ ತೊಳೆಯುತ್ತಿದ್ದ.