ನೀಲವ್ವನ ಪುಟ್ಟ ಕೌದಿ

ಹೊಳೆಯ ದಂಡೆಯಲ್ಲಿ ಕರಿಬಸವಜ್ಜಾರ ಆಶ್ರಮವಿತ್ತು. ಮನಸ್ಸಿನ ಕಾಯಿಲೆಯವರನ್ನು ಮನೆಯವರು ಅಲ್ಲಿಗೆ ತಂದು ಬಿಡುತ್ತಿದ್ದರು. ಅಮಾವಾಸ್ಯೆಗೊಮ್ಮೆ ಆಚೆ ದಂಡೆಯಿಂದ ಹರಿಗೋಲು ಬರುತ್ತಿತ್ತು. ಗುಣವಾದವರು ಅದರಲ್ಲೇ ಊರಿಗೆ ಮರಳುತ್ತಿದ್ದರು.

ಅಜ್ಜಾರದ್ದೊಂದು ಪದ್ಧತಿಯಿತ್ತು. ರೋಗಿಯನ್ನು ಕರೆತಂದವರನ್ನು ಅವರು ಮೊದಲು ಊಟಕ್ಕೆ ಕೂರಿಸಿಕೊಳ್ಳುತ್ತಿದ್ದರು. ಈತ ಚಿಕ್ಕವನಿದ್ದಾಗ ಹೇಗಿದ್ದ, ಯಾವುದಕ್ಕೆ ನಗುತ್ತಿದ್ದ, ಸಿಟ್ಟು ಬಂದರೆ ಏನು ಮಾಡುತ್ತಿದ್ದ ಎಂದು ರೊಟ್ಟಿ ಮುರಿಯುತ್ತ ಕೇಳುತ್ತಿದ್ದರು.

ಶಿಷ್ಯ ಅಡಿವೆಪ್ಪನ ಲೆಕ್ಕದಲ್ಲಿ ಇದು ಬರೀ ಹರಟೆ. ಆ ಹೊತ್ತಿಗೆ ಅವನು ಔಷಧಿಯ ಬೇರು ಕುಟ್ಟಲು ಹೋಗಿಬಿಡುತ್ತಿದ್ದ.

ಒಮ್ಮೆ ಅಜ್ಜಾರಿಗೆ ಮಂಡಿ ನೋವು ಬಂದು ಎದ್ದು ಓಡಾಡುವುದು ಕಷ್ಟವಾಯಿತು. ಈ ಸಲ ಯಾರು ಹೋಗಬೇಕು, ಯಾರು ಉಳಿಯಬೇಕು ಎಂಬುದನ್ನು ನೀನೇ ನೋಡಿ ಹೇಳು ಎಂದು ಅಡಿವೆಪ್ಪನಿಗೆ ಒಪ್ಪಿಸಿದರು. ಅವನ ಎದೆ ಉಬ್ಬಿತು.

ತಿಂಗಳಿಡೀ ಅವನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

ಭೀಮಪ್ಪನೆಂಬವನು ನಸುಕಿನಿಂದಲೇ ಹಾಡುತ್ತಿದ್ದ. ಒಬ್ಬರಿಗೆ ತನ್ನ ಶಾಲು ಕೊಟ್ಟ, ಇನ್ನೊಬ್ಬರಿಗೆ ಉಂಗುರ ಕೊಟ್ಟ. ಹೊಳೆಗೊಂದು ಸೇತುವೆ ಕಟ್ಟಿಸಿಕೊಡುತ್ತೇನೆಂದು ಎಲ್ಲರಿಗೂ ಮಾತು ಕೊಟ್ಟ. ಇಂಥ ನಗುಮುಖದವನಿಗೆ ರೋಗವೆಲ್ಲಿಯದು ಎಂದುಕೊಂಡ ಅಡಿವೆಪ್ಪ.

ನೀಲವ್ವನೆಂಬವಳು ಬೇವಿನ ನೆರಳಲ್ಲಿ ಕೂತು ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ. ಅವಳ ಪುಟ್ಟ ಮಗಳು ಅಣ್ಣನ ಮನೆಯಲ್ಲಿ ಬೆಳೆಯುತ್ತಿದ್ದಳು. ಒಂದು ದಿನ ನೀಲವ್ವ ತಾನಾಗಿಯೇ ಅಡಿವೆಪ್ಪನ ಬಳಿ ಬಂದಳು.

"ಕೂಸು ನಮ್ಮ ಅತ್ತಿಗೆವ್ವಗ ಅವ್ವಾ ಅನ್ನಾಕ ಹತ್ತೈತಂತ್ರಿ" ಎಂದಳು. ಅಷ್ಟು ಹೇಳಿ ಮತ್ತೆ ಹೊಲಿಯಲು ಕೂತಳು.

ವಾರಕ್ಕೆ ಒಂದೇ ಮಾತು ಎಂದು ಅಡಿವೆಪ್ಪ ಮನಸ್ಸಿನಲ್ಲಿ ಗುರುತು ಹಾಕಿಕೊಂಡ. ಆ ಮಾತು ಏನೆಂಬುದು ಮಾತ್ರ ಅವನ ತಲೆಗೆ ಹೋಗಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಹರಿಗೋಲು ಬಂತು. ಭೀಮಪ್ಪ ಹೊರಡಬಹುದು, ನೀಲವ್ವ ಉಳಿಯಬೇಕು ಎಂದು ಅಡಿವೆಪ್ಪ ಇಬ್ಬರಿಗೂ ಹೇಳಿದ. ನೀಲವ್ವ ತಲೆ ತಗ್ಗಿಸಿ ಹೋದಳು. ಅಡಿವೆಪ್ಪ ಬಂದು ಅಜ್ಜಾರಿಗೆ ಇದನ್ನು ತಿಳಿಸಿದ.

ಅಜ್ಜಾರು ತಲೆದೂಗಿದರು. ಆಮೇಲೆ, ಒಂದು ತಿಂಗಳಿಂದ ತಾವೂ ಒಬ್ಬನನ್ನು ನೋಡುತ್ತಿರುವುದಾಗಿ ಹೇಳಿದರು. ಅವನು ದಿನಾ ಸಂಜೆ ಎಲ್ಲರ ಚಪ್ಪಲಿಗಳನ್ನು ಸಾಲಾಗಿ ಇಡುತ್ತಾನೆ. ಒಂದು ಸೊಟ್ಟಗಿದ್ದರೂ ಊಟ ಬಿಟ್ಟು ಎದ್ದು ಬರುತ್ತಾನೆ.

"ನಿನಗ ರೋಗ ಐತಿ ಅಡಿವೆಪ್ಪ. ಇವತ್ತಿಂದ ಕಷಾಯ ಕುಡಿ."

ಅಡಿವೆಪ್ಪನಿಗೆ ಅಳುವೇ ಬಂತು. "ಅದು ರೋಗ ಅಲ್ರೀ ಅಜ್ಜಾರ. ನಾ ಸಣ್ಣಾವ ಇದ್ದಾಗಿಂದ ಹಂಗ ಅದೀನಿ. ಬೇಕಾದ್ರ ನಮ್ಮವ್ವನ್ನ ಕೇಳ್ರಿ."

"ನೀಲವ್ವನ ಕಡಿಯವರನ್ನ ನೀ ಕೇಳೀಯೇನು?"

ಅಡಿವೆಪ್ಪ ಚಪ್ಪಲಿಯನ್ನೂ ಮೆಟ್ಟದೆ ದಂಡೆಗೆ ಓಡಿದ.

ತಮ್ಮವರನ್ನು ಕರೆದೊಯ್ಯಲು ಹರಿಗೋಲಿನಲ್ಲಿ ಬಂದಿದ್ದ ಮನೆಯವರು ಅಲ್ಲಿ ಬುತ್ತಿ ಬಿಚ್ಚಿ ಕೂತಿದ್ದರು. ಜೀವನದಲ್ಲಿ ಮೊದಲ ಸಲ ಅವನು ಅವರ ಜೊತೆ ಕೂತು ರೊಟ್ಟಿ ಮುರಿದ.

ನೀಲವ್ವನ ಅಣ್ಣ ಹೇಳಿದ: ತಂಗಿ ಹುಟ್ಟಾ ಮಾತು ಕಡಿಮೆಯವಳು. ಮದುವೆಯ ದಿನವೂ ನಾಲ್ಕು ಮಾತು ಆಡಿದವಳಲ್ಲ. ಖುಷಿಯಾದರೆ ಕೌದಿ ಹೊಲಿಯುತ್ತಿದ್ದಳು, ಅಷ್ಟೇ. ಕೂಸು ಹುಟ್ಟಿದ ಮೇಲೆ ಸೂಜಿ ಮುಟ್ಟುವುದನ್ನೇ ಬಿಟ್ಟಳು. ಉಣ್ಣಲಿಲ್ಲ, ತಲೆ ಬಾಚಲಿಲ್ಲ, ಕೂಸು ಅತ್ತರೂ ಎತ್ತಿಕೊಳ್ಳಲಿಲ್ಲ. ಆಗ ಹೆದರಿ ಇಲ್ಲಿಗೆ ಕರೆತಂದದ್ದು.

ಅಡಿವೆಪ್ಪ ಬೇವಿನ ಕಡೆ ನೋಡಿದ. ಅವಳ ತೊಡೆಯ ಮೇಲಿದ್ದ ಕೌದಿ ಒಂದು ಕೂಸಿಗೆ ಹೊದಿಸುವಷ್ಟೇ ಇತ್ತು. ಅದು ಬೆಳೆಯುವುದನ್ನು ಅವನು ದಿನಾ ನೋಡಿದ್ದ. ಅವನಿಗೆ ನಾಚಿಕೆಯಾಯಿತು.

ಭೀಮಪ್ಪನ ಹೆಂಡತಿ ರೊಟ್ಟಿಯನ್ನು ಮುಟ್ಟಿರಲಿಲ್ಲ.

"ನಮ್ಮನಿಯವರು ಒಂದು ಮಾತಾಡಬೇಕಂದ್ರ ಎರಡು ದಿನ ವಿಚಾರ ಮಾಡೋರು" ಎಂದಳು. "ಈಗ ಅವರು ನಕ್ಕಷ್ಟೂ ನನಗ ಅಂಜಿಕಿ ಬರ್ತೈತ್ರಿ. ನಿದ್ದಿ ಮಾಡ್ತಾರೇನ್ರಿ?"

ಅದನ್ನೂ ಅಡಿವೆಪ್ಪ ನೋಡಿರಲಿಲ್ಲ. ಭೀಮಪ್ಪನ ಹಾಡು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ನೆನಪಿಸಿಕೊಳ್ಳಲು ಹೋದ. ನಿಂತದ್ದೇ ನೆನಪಾಗಲಿಲ್ಲ.

ಭೀಮಪ್ಪನ ಕೈ ಹಿಡಿದು ಅಡಿವೆಪ್ಪನೇ ಮತ್ತೆ ಆಶ್ರಮದೊಳಗೆ ಕರೆತಂದ. ಆಮೇಲೆ ನೀಲವ್ವನ ಎದುರು ನಿಂತು ತನ್ನಿಂದ ತಪ್ಪಾಯಿತೆಂದು ಹೇಳಿದ. ಅವಳು ದಾರ ಕಡಿದು, ಕೌದಿ ಮಡಚಿ, ಎದ್ದಳು. ಹರಿಗೋಲಿನಲ್ಲಿ ಅದನ್ನು ನೆನೆಯದ ಹಾಗೆ ಎದೆಗೆ ಅವಚಿಕೊಂಡು ಕೂತಳು. ಯಾರಿಗೂ ಒಂದು ಮಾತು ಹೇಳಲಿಲ್ಲ.

ಅಡಿವೆಪ್ಪ ಮರಳಿ ಬಂದಾಗ ಅಜ್ಜಾರು ನೋಯುವ ಮಂಡಿಯನ್ನು ಹಿಡಿದುಕೊಂಡೇ ಬಗ್ಗಿ, ಅವನು ಬಿಟ್ಟೋಡಿದ್ದ ಚಪ್ಪಲಿಗಳನ್ನು ಜೋಡಿಸಿಡುತ್ತಿದ್ದರು.

"ಹೋಗೂ ಮುಂದೂ ಆಕಿ ಬಾಯಿ ಬಿಡಲಿಲ್ರೀ ಅಜ್ಜಾರ" ಎಂದ ಅವನು. "ಖರೇನ ಗುಣ ಆಗೈತೇನ್ರಿ?"

ಅಜ್ಜಾರು ಹೊಳೆಯ ಕಡೆ ನೋಡಿದರು.

"ಬಂದಾಕಿ ಯಾರೋ ಏನೋ ನನಗ ಗೊತ್ತಿಲ್ಲಪ್ಪ. ಹೋದಾಕಿ ಮಾತ್ರ ನೀಲವ್ವ."