ಹುರಿಕೇರಿಯ ಹಗ್ಗ, ಕಲ್ಲುದ್ವೀಪದ ಸಾಹುಕಾರ

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಚಿ ಕೂತುಕೊಳ್ಳಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು ಇದ್ದ ಒಂದು ರಾಜ್ಯದಲ್ಲಿ ಹುರಿಕೇರಿ ಅಂತ ಒಂದು ಊರಿತ್ತು. ಆ ಊರಿನವರಿಗೆ ಗದ್ದೆ ಇರಲಿಲ್ಲ, ದನ ಇರಲಿಲ್ಲ. ಇದ್ದದ್ದು ತೆಂಗಿನ ನಾರು ಒಂದೇ. ತೆಂಗಿನ ಸಿಪ್ಪೆಯನ್ನು ಹಿನ್ನೀರಿನಲ್ಲಿ ಕೊಳೆಹಾಕುತ್ತಿದ್ದರು. ಕೋಲಿನಿಂದ ಬಡಿದು ನಾರು ಬಿಡಿಸುತ್ತಿದ್ದರು. ನಾರನ್ನು ಹೊಸೆದು ಹಡಗಿಗೆ ಹಗ್ಗ ಮಾಡುತ್ತಿದ್ದರು.

ಆ ಊರಿನಲ್ಲಿ ಮಂಕಾಳಿ ಅಂತ ಒಬ್ಬಳಿದ್ದಳು. ಅವಳಿಗೆ ಜಟ್ಟಪ್ಪ ಅಂತ ಒಬ್ಬ ತಮ್ಮ. ಹಡಗಿನ ಹಗ್ಗ ಹೊಸೆಯುವುದು ಒಬ್ಬರ ಕೆಲಸವಲ್ಲ. ಮಂಕಾಳಿ ಒಂದು ತುದಿಯಲ್ಲಿ ನಿಂತು ಎಳೆ ತಿರುವುತ್ತಿದ್ದಳು. ನೆರೆಮನೆಯ ದುಗ್ಗಿ ಇನ್ನೊಂದು ತುದಿಯಲ್ಲಿ ತಿರುವುತ್ತಿದ್ದಳು. ಜಟ್ಟಪ್ಪ ನಡುವೆ ನಿಂತು, ಮೂರು ಗೀರು ಕೊರೆದ ಒಂದು ಮರದ ಗುಂಡನ್ನು ಹಿಡಿಯುತ್ತಿದ್ದ. ಒಂದೊಂದು ಗೀರಿನಲ್ಲಿ ಒಂದೊಂದು ಎಳೆ. ಅವನು ಗುಂಡು ಹಿಡಿದು ಮೆಲ್ಲಗೆ ನಡೆದರೆ ಅವನ ಹಿಂದೆ ಹಗ್ಗ ಹುಟ್ಟುತ್ತಿತ್ತು. ಕೈಬಿಟ್ಟರೆ ಮೂರೂ ಎಳೆ ಸಿಕ್ಕು.

ಕಡಲಾಚೆ ಕಲ್ಲುದ್ವೀಪ. ಅಲ್ಲಿ ಹಡಗು ಕಟ್ಟುವವರಿದ್ದರು, ಆದರೆ ತೆಂಗಿನ ಮರ ಇರಲಿಲ್ಲ. ಅಲ್ಲಿನ ಸಾಹುಕಾರ ಮಾರಂಗ ಹುರಿಕೇರಿಯ ಹಗ್ಗ ತರಿಸಿಕೊಳ್ಳುತ್ತಿದ್ದ. ಹಗ್ಗ ಮೊದಲು ಹೋಗಬೇಕು, ಹಣ ಆಮೇಲೆ ಬರಬೇಕು. ಅದು ಹಿಂದಿನಿಂದ ಬಂದ ವಾಡಿಕೆ.

ಮೊದಲನೆಯ ವರ್ಷ ಮಾರಂಗ ಹೇಳಿಕಳಿಸಿದ: "ಹಗ್ಗ ದಾರಿಯಲ್ಲಿ ನೆನೆದಿದೆ." ಅರ್ಧ ಹಣ ಬಂತು.

ಎರಡನೆಯ ವರ್ಷ ಹೇಳಿಕಳಿಸಿದ: "ತೂಕ ಕಡಿಮೆ ಬಂದಿದೆ." ಕಾಲು ಹಣ ಬಂತು.

ಮೂರನೆಯ ವರ್ಷ ಏನೂ ಹೇಳಿಕಳಿಸಲಿಲ್ಲ. ಏನೂ ಬರಲಿಲ್ಲ.

"ನಾನೇ ಹೋಗಿ ಕೇಳ್ತೇನಕ್ಕಾ" ಅಂದ ಜಟ್ಟಪ್ಪ. "ಕಣ್ಣೆದುರು ನಿಂತ್ರೆ ಕೊಡದೆ ಏನು ಮಾಡ್ತಾನೆ?"

ಜಟ್ಟಪ್ಪ ಕಡಲು ದಾಟಿದ. ಮಾರಂಗನ ಮನೆಯ ಜಗಲಿಯ ಮೇಲೆ ಕೂತ. ಮಾರಂಗ "ನಾಳೆ ಬಾ" ಅಂದ. ಆಮೇಲೆ "ನಾಡಿದ್ದು ಬಾ" ಅಂದ. ಆಮೇಲೆ "ಹುಣ್ಣಿಮೆ ಕಳೀಲಿ" ಅಂದ. ಹುಣ್ಣಿಮೆ ಕಳೆಯಿತು, ಮಳೆಗಾಲ ಬಂತು, ಹಡಗುಗಳು ನಿಂತವು. ಜಟ್ಟಪ್ಪನಿಗೆ ಜ್ವರ ಬಂತು.

ಮಳೆ ನಿಂತ ಮೇಲೆ ಅವನ ಗಂಟು ಮಾತ್ರ ಊರಿಗೆ ಬಂತು. ತಂದವನು ಸಿದ್ದು ತಂಡೇಲ, ಹಡಗು ನಡೆಸುವವನು. ಗಂಟಿನಲ್ಲಿ ಒಂದು ಪಂಚೆ ಇತ್ತು, ಒಂದು ಹುಲ್ಲಿನ ಹಗ್ಗ ಇತ್ತು.

"ಸುಮ್ಮನೆ ಕೂರೋ ಕೈಯಲ್ಲ ಅವನದು" ಅಂದ ತಂಡೇಲ. "ಜಗಲಿ ಮೇಲೆ ಕಾಯ್ತಾ ಕಾಯ್ತಾ ಹೊಸೆದದ್ದು."

ಮಂಕಾಳಿ ಆ ಹಗ್ಗವನ್ನು ಬಿಚ್ಚುತ್ತಾ ಹೋದಳು. ಹೊಸಿಲಿನಿಂದ ಬಾವಿಯವರೆಗೆ ಬಿಚ್ಚಿದಳು. ಬಾವಿಯಿಂದ ಬೇಲಿಯವರೆಗೆ ಬಿಚ್ಚಿದಳು. ಅಂಗಳ ಮುಗಿಯಿತು, ಹಗ್ಗ ಮುಗಿಯಲಿಲ್ಲ. ಅವಳು ಅದನ್ನು ಮತ್ತೆ ಸುತ್ತಿ, ಮನೆಯ ತೊಲೆಗೆ ನೇತುಹಾಕಿದಳು. ಆಮೇಲೆ ಊರವರಿಗೆ ಒಂದೇ ಮಾತು ಹೇಳಿದಳು.

"ನಮ್ಮ ಸರಕು ಕಡಲು ದಾಟಲಿ. ದುಡ್ಡು ಕೇಳೋಕೆ ನಮ್ಮ ಮನುಷ್ಯರು ಇನ್ನು ದಾಟಬಾರದು."

ಸ್ವಲ್ಪ ದಿನಕ್ಕೆ ಮಾರಂಗನ ಗುಮಾಸ್ತ ಬಂದಿಳಿದ. ತಲೆಗೆ ರೇಷ್ಮೆ ರುಮಾಲು, ಬಾಯಲ್ಲಿ ವೀಳ್ಯ.

"ಏನಕ್ಕಾ, ಚೆನ್ನಾಗಿದ್ದೀರಾ? ನಮ್ಮ ರಾಜರು ಹೊಸ ಹಡಗು ಕಟ್ಟಿಸ್ತಾ ಇದ್ದಾರೆ. ಹಗ್ಗ ಒದಗಿಸೋ ಕೆಲಸ ನಮ್ಮ ಧಣಿಗಳದ್ದು. ಎಷ್ಟಿದ್ದರೂ ಬೇಕು. ಹೋಳಿ ಹುಣ್ಣಿಮೆಯೊಳಗೆ ಹಗ್ಗದ ಹಡಗು ಇಲ್ಲಿಂದ ಹೊರಡಬೇಕು."

"ದುಡ್ಡು ಮೊದಲು ಇಡಿ" ಅಂದಳು ದುಗ್ಗಿ.

"ದುಡ್ಡು ಕೊಟ್ಟ ಮೇಲೆ ನೀವು ಹಗ್ಗ ಕಳಿಸದೆ ಇದ್ರೆ? ನಾವು ಕಡಲಾಚೆ ಕೂತು ಬಾಯಿ ಬಡ್ಕೋಬೇಕಾ?"

"ಹಗ್ಗ ಕೊಟ್ಟ ಮೇಲೆ ನಿಮ್ಮ ಧಣಿ ಏನು ಮಾಡಿದ ಅಂತ ಗೊತ್ತು ನಮಗೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನೋ ಜಾತಿ!"

ಇಬ್ಬರೂ ಜಗಳಕ್ಕೆ ನಿಂತರು. ಊರವರು ತಲೆಗೊಂದು ಮಾತಾಡಿದರು. ಮಾರುವುದೇ ಬೇಡ ಅಂದರು ಕೆಲವರು. ಮಾರದಿದ್ದರೆ ಒಲೆಯ ಮೇಲೆ ಏನಿಡುವುದು ಅಂದರು ಕೆಲವರು. ಹಗ್ಗದ ಜೊತೆ ಯಾರನ್ನಾದರೂ ಕಳಿಸೋಣ ಅಂದರು ಮತ್ತೆ ಕೆಲವರು. ಅವರು ಮಂಕಾಳಿಯ ಮುಖ ನೋಡಿ ಆ ಮಾತು ಅಲ್ಲಿಗೇ ಬಿಟ್ಟರು.

ಮಂಕಾಳಿ ನೋಡುತ್ತಿದ್ದದ್ದು ತನ್ನ ಅಂಗಳದ ಮೂಲೆಯಲ್ಲಿ ಬಿದ್ದ ಮರದ ಗುಂಡನ್ನು. ತಮ್ಮ ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಅವಳು ಎದ್ದು ಅದನ್ನು ಕೈಗೆತ್ತಿಕೊಂಡಳು.

"ಈ ತುದಿಯವರಿಗೆ ಆ ತುದಿಯವರ ಮೇಲೆ ನಂಬಿಕೆ ಇಲ್ಲ. ಆ ತುದಿಯವರಿಗೆ ಈ ತುದಿಯವರ ಮೇಲೆ ಇಲ್ಲ. ನಡುವೆ ಹಿಡಿಯೋರು ಬೇಕು" ಅಂದಳು.

ಬಂದರಿನಲ್ಲಿ ಪುಟ್ಟಯ್ಯ ಅಂತ ಒಬ್ಬ ಮುದುಕ ಸರಾಫರಿದ್ದರು. ದೇಶದೇಶದ ನಾಣ್ಯ ಬದಲಿಸಿಕೊಡುವುದು ಅವರ ಕಸುಬು. ಕಲ್ಲುದ್ವೀಪದಲ್ಲೂ ಒಬ್ಬ ಸರಾಫನಿದ್ದ. ಇವರ ಚೀಟಿಗೆ ಅವನು ಹಣ ಕೊಡುತ್ತಿದ್ದ, ಅವನ ಚೀಟಿಗೆ ಇವರು ಕೊಡುತ್ತಿದ್ದರು. ಅಪ್ಪಂದಿರ ಕಾಲದಿಂದ ಆ ಮಾತು ಮುರಿದಿರಲಿಲ್ಲ. ಮಂಕಾಳಿ ಗುಮಾಸ್ತನನ್ನು ಕರೆದುಕೊಂಡು ಪುಟ್ಟಯ್ಯನವರ ಹತ್ತಿರ ಹೋದಳು.

"ನಾನು ಹಗ್ಗ ನೋಡೋನಲ್ಲ ತಾಯಿ. ನನಗೆ ಹಗ್ಗ ಗೊತ್ತಿಲ್ಲ, ಕಾಗದ ಗೊತ್ತು" ಅಂದರು ಪುಟ್ಟಯ್ಯ. "ಹೀಗೆ ಮಾಡಿ. ಮಾರಂಗ ತನ್ನ ಉಗ್ರಾಣವನ್ನು ಅಲ್ಲಿನ ಸರಾಫನಿಗೆ ಒತ್ತೆ ಇಡಲಿ. ಆ ಸರಾಫ, ಹಣಕ್ಕೆ ನಾನು ಹೊಣೆ ಅಂತ ನನಗೊಂದು ಮಾತಿನ ಪತ್ರ ಬರೆಯಲಿ. ಹಗ್ಗ ಹಡಗಿಗೇರಿತು ಅಂತ ತಂಡೇಲನ ಚೀಟಿ, ಇಷ್ಟು ತೂಕ ಅಂತ ಸುಂಕದಕಟ್ಟೆಯ ಚೀಟಿ, ಹೇಳಿದಷ್ಟು ದಪ್ಪ ಇದೆ, ಗಟ್ಟಿ ಇದೆ ಅಂತ ಬಂದರಿನ ಪರೀಕ್ಷಕನ ಚೀಟಿ. ಮೂರನ್ನೂ ಹೋಳಿ ಹುಣ್ಣಿಮೆಯೊಳಗೆ ತಂದುಕೊಟ್ರೆ ನಾನು ನಿನ್ನ ಕೈಗೆ ಹಣ ಎಣಿಸ್ತೇನೆ. ನನಗೆ ಅವನು ಕೊಡ್ತಾನೆ. ಅವನು ಮಾರಂಗನಿಂದ ತಗೊಳ್ತಾನೆ. ಮಾರಂಗ ಹಣ ಕಟ್ಟಿದ ಮೇಲೆ ತಂಡೇಲನ ಚೀಟಿ ಅವನ ಕೈಗೆ ಹೋಗತ್ತೆ. ಆ ಚೀಟಿ ತೋರಿಸಿದೋರಿಗೇ ತಂಡೇಲ ಸರಕು ಇಳಿಸೋದು."

ಗುಮಾಸ್ತ ವೀಳ್ಯ ಉಗುಳಿ ಒಪ್ಪಿಕೊಂಡ. ಅವರ ರಾಜರಿಗೆ ಹಗ್ಗ ಬೇಕೇಬೇಕಿತ್ತಲ್ಲ!

ಕಡಲಾಚೆಯಿಂದ ಪತ್ರ ಬಂತು. ಮಂಕಾಳಿ ಪುಟ್ಟಯ್ಯನವರಿಂದ ಓದಿಸಿದಳು. ಒಂದು ಸಲ ಓದಿಸಿದಳು. ಎರಡು ಸಲ ಓದಿಸಿದಳು. ಮೂರನೆಯ ಸಲ ಓದುವಾಗ ಕೈ ಎತ್ತಿ ನಿಲ್ಲಿಸಿದಳು.

"ಕೊನೆಯ ಸಾಲು ಇನ್ನೊಮ್ಮೆ ಓದಿ ಸರಾಫರೇ."

"'ಮೂರು ಚೀಟಿಗಳ ಜೊತೆ, ಹಗ್ಗ ನನಗೆ ಮೆಚ್ಚುಗೆಯಾಯಿತೆಂದು ಮಾರಂಗ ಸಾಹುಕಾರರ ಗುಮಾಸ್ತನು ಬರೆದ ಚೀಟಿಯೂ ಇರತಕ್ಕದ್ದು.'"

"ಒಂದು ಚೀಟಿ ತಾನೇ?" ಅಂದಳು ದುಗ್ಗಿ. "ಎದುರಿಗೇ ಇದ್ದಾನಲ್ಲ, ಬರೆದುಕೊಡ್ತಾನೆ ಬಿಡು."

"ಬರೆಯದೆ ಇದ್ರೆ? ಹಗ್ಗ ಹಡಗಿಗೇರಿದ ಮೇಲೆ ಇವನು ಊರಲ್ಲೇ ಇಲ್ಲದೆ ಇದ್ರೆ? ಬೀಗ ನಮ್ಮ ಬಾಗಿಲಿಗೆ, ಬೀಗದ ಕೈ ಅವನ ಸೊಂಟಕ್ಕೆ."

ಗುಮಾಸ್ತ ಮುಖ ಸಣ್ಣ ಮಾಡಿದ. "ಅಯ್ಯೋ, ನನ್ನ ಮೇಲೆ ನಂಬಿಕೆ ಇಲ್ವೇ ಅಕ್ಕಾ?"

"ನಂಬಿಕೆ ಇದ್ದಿದ್ರೆ ಪತ್ರ ಯಾಕೆ ಬೇಕಿತ್ತು ತಮ್ಮಾ? ಆ ಸಾಲು ತೆಗೆಸು. ಹಿಂದಿನ ಬಾಕಿಯನ್ನೂ ಈ ಬೆಲೆಗೆ ಸೇರಿಸಿ ಬರೆಸು. ಅಲ್ಲಿವರೆಗೆ ನಮ್ಮ ಹಗ್ಗ ಅಂಗಳ ಬಿಟ್ಟು ಅಲ್ಲಾಡೋದಿಲ್ಲ."

ಪತ್ರ ಹಿಂದಕ್ಕೆ ಹೋಯಿತು. ಹುರಿಕೇರಿಯವರು ಕಾದರು. ಅಕ್ಕಿ ಮುಗಿಯಿತು, ಗಂಜಿ ಕುಡಿದರು. ಗಂಜಿ ತೆಳ್ಳಗಾಯಿತು, ಗೆಣಸು ಬೇಯಿಸಿ ತಿಂದರು. ದುಗ್ಗಿ ಬಂದು, "ಹಠ ಮಾಡಿ ಊರನ್ನೆಲ್ಲ ಉಪವಾಸ ಕೆಡವಿದೆ ಕಣೇ" ಅಂದಳು. ಮಂಕಾಳಿ ತೊಲೆಯ ಕಡೆ ನೋಡಿದಳು. ಮರದ ಗುಂಡು ಹಿಡಿದು ನಡುವೆ ನಿಂತಳು. ಅವಳ ಜಾಗದಲ್ಲಿ ಬೇರೆ ಒಬ್ಬಳು ಬಂದು ತಿರುವಿದಳು. ಹಗ್ಗದ ಸುರುಳಿಗಳು ಅಂಗಳದಲ್ಲಿ ಏರುತ್ತಲೇ ಹೋದವು.

ಕಡೆಗೆ ಹೊಸ ಪತ್ರ ಬಂತು. ನಾಲ್ಕನೆಯ ಚೀಟಿಯ ಮಾತು ಹೋಗಿತ್ತು. ಹಿಂದಿನ ಬಾಕಿ ಸೇರಿತ್ತು. ಕಲ್ಲುದ್ವೀಪದ ರಾಜ ಹಗ್ಗ ಎಲ್ಲಿ ಎಂದು ಕೇಳಲು ಶುರುಮಾಡಿದ್ದನಲ್ಲ!

ಆದರೆ ಗುಮಾಸ್ತ ಸುಮ್ಮನಿರುವವನೇ? ಮರುದಿನ ನಗುನಗುತ್ತಾ ಬಂದ.

"ಅಕ್ಕಾ, ಧಣಿಗಳು ಹೇಳಿಕಳಿಸಿದ್ದಾರೆ. ಹಗ್ಗ ಇನ್ನೂ ದಪ್ಪ ಇರಲಿ, ಮೇಲೆ ದುಡ್ಡು ಕೊಡ್ತಾರಂತೆ. ಹೊಸೆದದ್ದನ್ನು ಬಿಚ್ಚಿ ದಪ್ಪ ಮಾಡಿಬಿಡಿ."

"ಪತ್ರದಲ್ಲಿ ಇದೆಯಾ?"

"ಬಾಯಿಮಾತು ಸಾಲದೇ?"

"ಬಾಯಿಮಾತು ನಂಬಿ ದಪ್ಪ ಮಾಡಿದ್ರೆ ಪತ್ರಕ್ಕೂ ಪರೀಕ್ಷಕನ ಚೀಟಿಗೂ ತಾಳೆಯಾಗಲ್ಲ. ಆಗ ಸರಾಫರು ಹಣ ಕೊಡಲ್ಲ. ಪತ್ರದಲ್ಲಿ ಹೇಳಿದಷ್ಟೇ ದಪ್ಪ. ಒಂದು ನಾರು ಹೆಚ್ಚಿಲ್ಲ, ಒಂದು ನಾರು ಕಡಿಮೆಯಿಲ್ಲ."

ಗುಮಾಸ್ತ ಹೋದ ಮೇಲೆ ದುಗ್ಗಿ ಮಂಕಾಳಿಯ ಕಿವಿಯ ಹತ್ತಿರ ಬಂದಳು. "ಹಾಗಾದ್ರೆ ನಾವೂ ಒಂದಾಟ ಆಡೋಣ. ಸರಾಫರು ಕಾಗದ ಮಾತ್ರ ನೋಡ್ತಾರೆ. ಪರೀಕ್ಷಕ ತುದಿ ಮಾತ್ರ ಜಗ್ಗಿ ನೋಡ್ತಾನೆ. ಸುರುಳಿ ಒಳಗೆ ಕೊಳೆತ ಹಗ್ಗ ಸೇರಿಸಿದ್ರೆ ಯಾರಿಗೆ ಗೊತ್ತು? ಮೋಸಗಾರನಿಗೆ ಮೋಸ ಮಾಡಿದ್ರೆ ಪಾಪ ಇಲ್ಲ."

"ಆ ಹಗ್ಗ ಹಿಡ್ಕೊಂಡು ಹಾಯಿಕಂಬ ಹತ್ತೋನು ಮಾರಂಗ ಅಲ್ಲ ದುಗ್ಗಿ. ಯಾವಳೋ ಒಬ್ಬಳ ತಮ್ಮ."

ದುಗ್ಗಿ ಸೆರಗಿನಿಂದ ಮುಖ ಒರೆಸಿಕೊಂಡು ತಿರುವಲು ಹೋದಳು.

ಹೋಳಿ ಹುಣ್ಣಿಮೆಗೆ ಮೊದಲೇ ಹಗ್ಗವೆಲ್ಲ ಸಿದ್ದು ತಂಡೇಲನ ಹಡಗಿಗೇರಿತು. ಅವನು ಚೀಟಿ ಕೊಟ್ಟ. ಸುಂಕದಕಟ್ಟೆಯವರು ತೂಗಿ ಚೀಟಿ ಕೊಟ್ಟರು. ಪರೀಕ್ಷಕ ಕಲ್ಲುಗುಂಡು ನೇತುಹಾಕಿ ಜಗ್ಗಿ ನೋಡಿ ಚೀಟಿ ಕೊಟ್ಟ. ಪುಟ್ಟಯ್ಯ ಸರಾಫರು ಮೂರೂ ಚೀಟಿಗಳನ್ನು ಪತ್ರದ ಪಕ್ಕದಲ್ಲಿಟ್ಟು, ಬೆರಳಿಟ್ಟು ಒಂದೊಂದೇ ಮಾತು ಹೋಲಿಸಿದರು. ತಾಳೆಯಾಯಿತು. ಪೆಟ್ಟಿಗೆ ತೆರೆದು ಹಣ ಎಣಿಸಿದರು. ಹಡಗು ಇನ್ನೂ ದಡದ ಕಣ್ಣಿಗೆ ಕಾಣುತ್ತಿದ್ದಾಗಲೇ ಹುರಿಕೇರಿಯ ಮನೆಮನೆಗೆ ಪಾಲು ಸೇರಿತು. ಚೀಟಿಗಳು ಬೇರೆ ಹಡಗಿನಲ್ಲಿ ಕಲ್ಲುದ್ವೀಪದ ಸರಾಫನಿಗೆ ಹೋದವು.

ಅಲ್ಲಿ ಏನಾಯಿತು ಕೇಳಿ. ಮಾರಂಗ ತನ್ನ ಸರಾಫನ ಹತ್ತಿರ ಓಡಿದ.

"ಆ ಹಗ್ಗ ಕೆಟ್ಟದ್ದು ಸ್ವಾಮಿ, ಹಣ ಕೊಡಬೇಡಿ!"

"ನೋಡಿದಿರಾ?"

"ನೋಡಿಲ್ಲ. ಆದ್ರೂ ಕೆಟ್ಟದ್ದು."

"ನಾನು ಹಗ್ಗ ಕೊಂಡಿಲ್ಲ ಸಾಹುಕಾರರೇ, ಮಾತು ಕೊಟ್ಟಿದ್ದೇನೆ. ಚೀಟಿ ತಾಳೆಯಾಗಿವೆ, ಹಣ ಪುಟ್ಟಯ್ಯನವರಿಗೆ ಕಳಿಸಿಯಾಗಿದೆ. ಈಗ ನನ್ನ ಹಣ ಕಟ್ಟಿ, ತಂಡೇಲನ ಚೀಟಿ ತಗೊಂಡು ಹೋಗಿ. ಕಟ್ಟದೆ ಇದ್ರೆ ಉಗ್ರಾಣ ನನ್ನದು."

ಮಾರಂಗ ದಡಕ್ಕೆ ಓಡಿದ. ಹಡಗಿನಲ್ಲಿ ಹಗ್ಗದ ರಾಶಿ ಕಾಣುತ್ತಿತ್ತು. ತಂಡೇಲ ಮೇಲಿನಿಂದಲೇ ಕೂಗಿದ: "ಚೀಟಿ ಎಲ್ಲಿ?" ಮಾರಂಗ ಅರಮನೆಗೆ ಓಡಿದ, ಎರಡು ದಿನ ಗಡುವು ಕೊಡಿ ಅಂದ. ರಾಜ ಅಂದ: "ಚೀಟಿ ಸರಾಫನ ಹತ್ತಿರ ಇದೆಯಂತಲ್ಲ. ನಾಳೆ ಬೆಳಗಿನೊಳಗೆ ನೀನು ಬಿಡಿಸದಿದ್ರೆ ನಾನೇ ಬಿಡಿಸ್ಕೋತೇನೆ. ಆಮೇಲೆ ನೀನು ಯಾಕೆ?"

ಮಾರಂಗ ಹೆಂಡತಿಯ ಒಡವೆ ಮಾರಲು ಆಳನ್ನು ಅಟ್ಟಿದ. ಹಣ ಬರುವ ತನಕ ಸರಾಫನ ಜಗಲಿಯ ಮೇಲೆ ಕೂತ. ಬಿಸಿಲು ಏರಿತು, ಕೂತೇ ಇದ್ದ. ಬಿಸಿಲು ಇಳಿಯಿತು, ಕೂತೇ ಇದ್ದ. ಹೋಗಿಬರುವವರೆಲ್ಲ ನೋಡಿದರು. ಕತ್ತಲಾಗುವಾಗ ಹಣ ಬಂತು. ಹಿಂದಿನ ಬಾಕಿಯೂ ಸೇರಿ ಕಾಸಿಗೆ ಕಾಸು ಕಟ್ಟಿ ಚೀಟಿ ಬಿಡಿಸಿಕೊಂಡ. ಅಂದಿನಿಂದ ಆ ದ್ವೀಪದಲ್ಲಿ, ಸರಾಫನ ಪತ್ರವಿಲ್ಲದೆ ಕಡಲಾಚೆಯ ಸರಕು ತರಿಸಬಾರದು ಅಂತ ರಾಜ ಡಂಗುರ ಸಾರಿಸಿದ.

ಸಿದ್ದು ತಂಡೇಲ ಹುರಿಕೇರಿಗೆ ಬಂದು ಇದನ್ನೆಲ್ಲ ಹೇಳಿದ.

"ಜಗಲಿ ಮೇಲೆ ಕೂತಿದ್ನಾ!" ದುಗ್ಗಿ ಕೈ ತಟ್ಟಿದಳು. "ಒಂದು ಗೇಣು ಹಗ್ಗನಾದ್ರೂ ಹೊಸೆದ್ನಾ?"

"ಅವನ ಕೈಗೆ ಅದೆಲ್ಲಿ ಬರಬೇಕು!" ಅಂದ ತಂಡೇಲ.

ಎಲ್ಲರೂ ನಕ್ಕರು. ಮಂಕಾಳಿಯೂ ಸ್ವಲ್ಪ ನಕ್ಕಳು. ಆಮೇಲೆ ಒಳಗೆ ಹೋಗಿ, ತೊಲೆಯ ಮೇಲಿನ ಹುಲ್ಲಿನ ಹಗ್ಗದ ಧೂಳು ಒರೆಸಿದಳು. ಹೊರಗೆ ಬಂದು ಮರದ ಗುಂಡು ಹಿಡಿದು ನಡುವೆ ನಿಂತಳು. "ತಿರುವಿ" ಅಂದಳು. ಅವಳು ಬದುಕಿರುವ ತನಕ ಹುರಿಕೇರಿಯಿಂದ ಯಾರೂ ಬಾಕಿ ಕೇಳಲು ಕಡಲು ದಾಟಲಿಲ್ಲ.

ಇದರ ನೀತಿ ಇಷ್ಟು, ಮಕ್ಕಳೇ. ದೂರದವರ ಜೊತೆ ವ್ಯಾಪಾರ ಮಾಡುವಾಗ, ಇಬ್ಬರೂ ನಂಬುವ ಮೂರನೆಯವರ ಕೈಯಲ್ಲಿ ಮಾತನ್ನು ಮೊದಲೇ ಕಟ್ಟಿಸಿ. ಕಟ್ಟಿಸಿದ ಮಾತನ್ನು ಕೊನೆಯ ಸಾಲಿನವರೆಗೆ ಓದಿ. ಓದಿದ ಮಾತಿಗೆ ನೀವೂ ತಪ್ಪಬೇಡಿ. ಹೋದ ಹಣ ಒಂದು ದಿನ ತಿರುಗಿ ಬರಬಹುದು. ಅದನ್ನು ಕೇಳಲು ಹೋದವನು ಬರುವುದಿಲ್ಲ.